ಬಿಲ್ಲುಗಳು ಮುಗಿದವೆಂದು ಕಂಪ್ಯೂಟರಿಗೆ ಹೇಳುವುದು ಹೇಗೆ?

(ಸಿ ಭಾಷೆಯಲ್ಲಿ ಕೀಬೋರ್ಡ್ ಇನ್‌ಪುಟ್‌ನ ಕೊನೆ – ಒಂದು ಪಾಠ)



ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಕಥೆ, ಕವನ, ಹರಟೆಗಳ ನಡುವೆ ಕಂಪ್ಯೂಟರಿನ ಪಾಠ ಎಲ್ಲಿಂದ ಬಂತಪ್ಪಾ ಎಂದು ನೀವು ಹುಬ್ಬೇರಿಸಬಹುದು. ಸಂಪಾದಕರೂ ಮೊದಲು ಹಾಗೆಯೇ ಕೇಳಿದರು. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಏಳನೆಯ ತರಗತಿಯವರೆಗೆ ಓದಿದ್ದು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ. ಈಗ ಐಚ್ಛಿಕ ವಿಷಯವಾಗಿ ಕಂಪ್ಯೂಟರ್ ಪ್ರೋಗ್ರಾಮಿಂಗ್ ತೆಗೆದುಕೊಂಡಿದ್ದೇನೆ. ತರಗತಿಯಲ್ಲಿ ಸಿ ಭಾಷೆಯ ಪಾಠ ಇಂಗ್ಲಿಷಿನಲ್ಲಿ ಓಡುತ್ತದೆ. ನನ್ನಂಥವರು ಅದರ ಹಿಂದೆ ಏದುಸಿರು ಬಿಡುತ್ತಾ ಓಡಬೇಕು. ಕನ್ನಡದಲ್ಲಿ ಯಾರಾದರೂ ಒಂದು ಸಲ ಹೇಳಿಕೊಟ್ಟಿದ್ದರೆ ನಾನು ಈ ತಪ್ಪು ಮಾಡುತ್ತಿರಲಿಲ್ಲವೇನೋ ಎಂದು ಅನ್ನಿಸಿದ್ದರಿಂದಲೇ ಈ ಲೇಖನ.

ಆ ತಪ್ಪಿಗೆ ದಂಡ ಕಟ್ಟಿದವನು ನಾನಲ್ಲ, ನನ್ನ ಸೋದರ ಮಾವ. ಅದನ್ನು ಮೊದಲು ಹೇಳಿ ಆಮೇಲೆ ಪಾಠಕ್ಕೆ ಬರುತ್ತೇನೆ.

ಒಂದು ಮಾತು ಮುಂಚಿತವಾಗಿ. ಈ ಪುಟಗಳಲ್ಲಿ ಕನ್ನಡ ಅಕ್ಷರಗಳು ಮಾತ್ರ ಇರುವುದರಿಂದ ಪ್ರೋಗ್ರಾಮಿನ ಸಾಲುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಮೆಷಿನ್ನಿಗೆ ಕೊಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ. ವೈಲ್, ಇಫ್, ಸ್ಕ್ಯಾನ್‌ಎಫ್ ಇವುಗಳನ್ನೆಲ್ಲ ತರಗತಿಯಲ್ಲಿ ಕಂಡವರಿಗೆ ಗುರುತು ಹಿಡಿಯುವುದು ಕಷ್ಟವಿಲ್ಲ.

1. ಮಾವನ ಗಲ್ಲೆ

ನಮ್ಮ ಮಾವ ಘಾಟ್ಕೋಪರ್ ಪಶ್ಚಿಮದ ಒಂದು ಸಣ್ಣ ಹೋಟೆಲಿನಲ್ಲಿ ಕ್ಯಾಶಿಯರ್. ಇಪ್ಪತ್ತೆರಡು ವರ್ಷದಿಂದ ಅದೇ ಗಲ್ಲೆ, ಅದೇ ಕುರ್ಚಿ. ದೊಡ್ಡ ಹೋಟೆಲುಗಳಲ್ಲಿರುವಂತೆ ಬಿಲ್ಲಿನ ಯಂತ್ರ ಅಲ್ಲಿಲ್ಲ. ಬಿಲ್ಲನ್ನು ಕೈಯಲ್ಲೇ ಬರೆಯುತ್ತಾರೆ. ಕಾರ್ಬನ್ ಪ್ರತಿ ಒಂದು ಮೊಳೆಗೆ ಚುಚ್ಚಿಟ್ಟಿರುತ್ತದೆ. ಫೋನಿನಲ್ಲಿ ಬಂದ ದುಡ್ಡಿನ ಲೆಕ್ಕ ಬ್ಯಾಂಕಿನಿಂದ ಸೇಟಿಗೆ ನೇರ ಹೋಗುತ್ತದೆ. ನಗದು ಬಿಲ್ಲುಗಳನ್ನು ಮಾತ್ರ ರಾತ್ರಿ ಶಟರ್ ಎಳೆದ ಮೇಲೆ ಮಾವ ಕ್ಯಾಲ್ಕ್ಯುಲೇಟರಿನಲ್ಲಿ ಕೂಡಿ ಗಲ್ಲೆಯ ದುಡ್ಡಿಗೆ ತಾಳೆ ನೋಡಬೇಕು. ನೂರೈವತ್ತು ಬಿಲ್ಲು ಎಂದರೆ ಮಧ್ಯದಲ್ಲಿ ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಮನೆಗೆ ಬರುವಾಗ ಗಂಟೆ ಒಂದು.

ನಾನು ಪಾಂಡಿತ್ಯ ತೋರಿಸಲು ಹೋದೆ. “ಮಾವ, ನಾನೊಂದು ಪ್ರೋಗ್ರಾಮ್ ಮಾಡಿ ಕೊಡ್ತೇನೆ. ನೀವು ಒಂದೊಂದೇ ಮೊತ್ತ ಹಾಕ್ತಾ ಹೋಗಿ, ಅದೇ ಕೂಡಿಸ್ತದೆ, ಎಷ್ಟು ಬಿಲ್ಲಂತಲೂ ಹೇಳ್ತದೆ” ಎಂದೆ. ನನ್ನ ಹಳೆಯ ಲ್ಯಾಪ್‌ಟಾಪನ್ನು ಗಲ್ಲೆಯ ಪಕ್ಕ ಇಟ್ಟೆ. ಮೊದಲು ಒಂದೆರಡು ಪ್ರಯೋಗ ಕೆಟ್ಟವು, ಅವನ್ನು ಮುಂದೆ ಹೇಳುತ್ತೇನೆ. ಕೊನೆಗೆ ಒಂದು ಪ್ರೋಗ್ರಾಮ್ ಚೆನ್ನಾಗಿ ಓಡಿತು. ಓಡಿತು ಎಂದೇ ನಾನು ತಿಳಿದಿದ್ದೆ.

ಮೊದಲ ರಾತ್ರಿ ಪ್ರೋಗ್ರಾಮ್ 18,460 ರೂಪಾಯಿ ಎಂದಿತು. ಬೆಳಗಿನ ಚಿಲ್ಲರೆ ತೆಗೆದಿಟ್ಟು ಎಣಿಸಿದರೆ ಗಲ್ಲೆಯಲ್ಲಿದ್ದದ್ದು 18,150. ಮುನ್ನೂರ ಹತ್ತು ಕಡಿಮೆ. ಎರಡನೆಯ ರಾತ್ರಿ 95 ಕಡಿಮೆ. ಮೂರನೆಯ ರಾತ್ರಿ 140. ಸೇಟು ಬಾಯಿಬಿಟ್ಟು ಏನೂ ಹೇಳಲಿಲ್ಲವಂತೆ. “ವಯಸ್ಸಾಯ್ತಲ್ಲ, ಕಣ್ಣು ತೋರಿಸಿ ಬನ್ನಿ” ಎಂದರಂತೆ ಅಷ್ಟೇ. ಇಪ್ಪತ್ತೆರಡು ವರ್ಷ ಗಲ್ಲೆಯಲ್ಲಿ ಕೂತವನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮೂರು ರಾತ್ರಿಯೂ ಮಾವ ತನ್ನ ಜೇಬಿನಿಂದ ದುಡ್ಡು ತುಂಬಿಸಿದರು. ಒಟ್ಟು 545 ರೂಪಾಯಿ.

ನನಗೆ ಇದು ತಿಳಿದದ್ದು ಅತ್ತೆ ಹೇಳಿದ ಮೇಲೆ. ಕೇಳಿದರೆ ಮಾವ, “ಮೆಷಿನ್ ಸುಳ್ಳು ಹೇಳ್ತದಾ ಮಾರಾಯ? ನಾನೇ ಯಾರಿಗೋ ಚಿಲ್ಲರೆ ಹೆಚ್ಚು ಕೊಟ್ಟಿರಬೇಕು” ಎಂದರು.

ಆ ಮಾತು ಕೇಳಿ ನನಗೆ ಊಟ ಸೇರಲಿಲ್ಲ. ತಪ್ಪು ಎಲ್ಲಿತ್ತು ಎಂಬುದನ್ನು ತಿಳಿಯಲು ಈಗ ಪಾಠಕ್ಕೆ ಬರೋಣ.

2. ಕೀಬೋರ್ಡೂ ಒಂದು ಫೈಲ್

ಸಿ ಭಾಷೆಯನ್ನು 1972ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಡೆನ್ನಿಸ್ ರಿಚ್ಚಿ (1941–2011). ಅಲ್ಲಿಯೇ 1969ರಲ್ಲಿ ಶುರುವಾಗಿದ್ದ ಯುನಿಕ್ಸ್ ಎಂಬ ವ್ಯವಸ್ಥೆಯ ಜೊತೆ ಜೊತೆಗೇ ಈ ಭಾಷೆ ಬೆಳೆಯಿತು. ಯುನಿಕ್ಸ್‌ನವರ ಒಂದು ವಿಚಾರ ಬಹಳ ಸರಳ: ಡಿಸ್ಕಿನಲ್ಲಿರುವ ಫೈಲ್ ಇರಲಿ, ಕೀಬೋರ್ಡ್ ಇರಲಿ, ಪ್ರೋಗ್ರಾಮಿನ ಕಣ್ಣಿಗೆ ಎರಡೂ ಒಂದೇ. ಎರಡೂ ಒಂದರ ಹಿಂದೆ ಒಂದು ಅಕ್ಷರ ಬರುವ ಸಾಲು. ಆದ್ದರಿಂದಲೇ ಸಿ ಪ್ರೋಗ್ರಾಮ್ ಶುರುವಾಗುವಾಗ ಕೀಬೋರ್ಡು ‘ಎಸ್‌ಟಿಡಿಇನ್’ ಎಂಬ ಹೆಸರಿನಲ್ಲಿ ತೆರೆದ ಫೈಲಾಗಿಯೇ ಕೈಗೆ ಸಿಗುತ್ತದೆ.

ಆದರೆ ಒಂದು ವ್ಯತ್ಯಾಸವಿದೆ. ಡಿಸ್ಕಿನ ಫೈಲಿಗೆ ಉದ್ದ ಗೊತ್ತು. ಎಲ್ಲಿ ಮುಗಿಯುತ್ತದೆಂದು ಕಂಪ್ಯೂಟರಿಗೇ ತಿಳಿದಿದೆ. ಕೀಬೋರ್ಡಿಗೆ ಉದ್ದವೆಂಬುದೇ ಇಲ್ಲ. ಮಾವ ಒಂದು ಬಿಲ್ಲು ಹಾಕಿ ಸುಮ್ಮನಾದರೆ ಅವರು ಮುಂದಿನ ಬಿಲ್ಲನ್ನು ಮೊಳೆಯಿಂದ ಬಿಡಿಸುತ್ತಿದ್ದಾರೋ, ಚಹಾ ಕುಡಿಯುತ್ತಿದ್ದಾರೋ, ಕೆಲಸವೇ ಮುಗಿಯಿತೋ, ಪ್ರೋಗ್ರಾಮಿಗೆ ಹೇಗೆ ತಿಳಿಯಬೇಕು? ಮನುಷ್ಯನೇ ಹೇಳಬೇಕು. ಹೇಗೆ ಹೇಳಬೇಕು ಎಂಬುದೇ ಪ್ರಶ್ನೆ.

3. ಮೂರು ದಾರಿ, ಎರಡು ಹೊಂಡ

ಮೊದಲ ದಾರಿ: ಎಷ್ಟು ಬಿಲ್ಲು ಎಂದು ಮೊದಲೇ ಕೇಳುವುದು. ತರಗತಿಯಲ್ಲಿ ಹೀಗೆಯೇ ಮಾಡುತ್ತೇವೆ: ಸಂಖ್ಯೆ ಕೇಳಿ, ಅಷ್ಟು ಸಲ ಫಾರ್ ಲೂಪ್. ಐದು ಅಂಕಿಗಳ ಸರಾಸರಿಗೆ ಅದು ಸರಿ. ಮಾವನಿಗೆ ಕೊಟ್ಟಾಗ ಮೊದಲ ದಿನವೇ ಎರಡು ಬಿಲ್ಲು ಅಂಟಿಕೊಂಡಿದ್ದವು. ಎಣಿಸಿದ್ದು 146, ಇದ್ದದ್ದು 147. ಕೊನೆಯ ಬಿಲ್ಲು ಕೈಯಲ್ಲೇ ಉಳಿಯಿತು, ಪ್ರೋಗ್ರಾಮ್ ಮೊತ್ತ ಹೇಳಿ ಮುಗಿದೇ ಹೋಯಿತು. ಎಣಿಸುವ ಕೆಲಸ ಮೆಷಿನ್ನಿನದು. ಅದನ್ನು ಮನುಷ್ಯನ ತಲೆಗೆ ಕಟ್ಟಿದ್ದೇ ತಪ್ಪು.

ಎರಡನೆಯ ದಾರಿ: ಒಂದು ಗುರುತಿನ ಅಂಕಿ. 0 ಹಾಕಿದರೆ ಮುಗಿಯಿತೆಂದು ಅರ್ಥ. ಚೆನ್ನಾಗಿದೆ ಅನ್ನಿಸಿತು. ಆದರೆ ಹೋಟೆಲಿನಲ್ಲಿ ರದ್ದಾದ ಬಿಲ್ಲನ್ನು ಹರಿದು ಬಿಸಾಡುವ ಹಾಗಿಲ್ಲ, ಕ್ರಮಸಂಖ್ಯೆ ತಪ್ಪುತ್ತದೆ. ಅದರ ಮೇಲೆ 0 ಎಂದು ಬರೆದು ಮೊಳೆಗೆ ಚುಚ್ಚುತ್ತಾರೆ. ಆ ರಾತ್ರಿ ಇಪ್ಪತ್ತಮೂರನೆಯ ಬಿಲ್ಲೇ ರದ್ದಾದದ್ದು. ಮಾವ ನಿಯತ್ತಾಗಿ 0 ಹಾಕಿದರು. ಪ್ರೋಗ್ರಾಮ್ ಇಪ್ಪತ್ತೆರಡು ಬಿಲ್ಲಿನ ಮೊತ್ತ ಹೇಳಿ ಬಾಗಿಲು ಮುಚ್ಚಿಕೊಂಡಿತು.

0 ಬೇಡ, -1 ಇಟ್ಟರಾಯಿತು ಎಂದುಕೊಂಡೆ. ಒಂದು ರೂಪಾಯಿ ವಾಪಸ್ ಕೊಟ್ಟ ಬಿಲ್ಲು ಇರುವುದಿಲ್ಲ ತಾನೇ? ಆದರೆ ವಾಪಸ್ ಬಂದ ಪಾರ್ಸೆಲ್ ಒಂದಕ್ಕೆ -120 ಹಾಕುವಾಗ ಮಾವನ ಬೆರಳು -1 ಆದೊಡನೆ ಎಂಟರ್ ಮೇಲೆ ಬಿತ್ತು. ಮತ್ತೆ ಅದೇ ಕಥೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಮ್ಮ ಘಾಟ್ಕೋಪರ್ ಸ್ಟೇಷನ್ನನ್ನೇ ತೆಗೆದುಕೊಳ್ಳಿ. 2014ರ ಜೂನ್‌ನಲ್ಲಿ ಶುರುವಾದ ವರ್ಸೋವಾ-ಅಂಧೇರಿ-ಘಾಟ್ಕೋಪರ್ ಮೆಟ್ರೋಗೆ ಇದು ಕೊನೆಯ ನಿಲ್ದಾಣ, ಎಲ್ಲರೂ ಇಳಿಯಲೇಬೇಕು. ಕೆಳಗೆ ಸೆಂಟ್ರಲ್ ರೈಲ್ವೆಯ ಕಲ್ಯಾಣ್ ಲೋಕಲಿಗೆ ಅದೇ ಘಾಟ್ಕೋಪರ್ ದಾರಿಯಲ್ಲಿ ಬರುವ ಹತ್ತಾರು ನಿಲ್ದಾಣಗಳಲ್ಲಿ ಒಂದು. ಗಾಡಿ ವಿಕ್ರೋಳಿ ಕಡೆ ಮುಂದೆ ಹೋಗುತ್ತದೆ. ಅಂದರೆ ‘ಘಾಟ್ಕೋಪರ್’ ಎಂಬ ಹೆಸರಿನಲ್ಲಿ ‘ಕೊನೆ’ ಎಂಬ ಅರ್ಥ ಇಲ್ಲ. ಹಾಗೆಯೇ 0 ಎಂಬ ಅಂಕಿಯಲ್ಲೂ ಇಲ್ಲ, -1ರಲ್ಲೂ ಇಲ್ಲ. ನಾವು ಬಿಲ್ಲುಗಳ ಸಾಲಿನಿಂದಲೇ ಒಂದು ಅಂಕಿಯನ್ನು ಎತ್ತಿ ಕೊನೆ ಎಂದು ಹೆಸರಿಟ್ಟರೆ, ಒಂದಲ್ಲ ಒಂದು ದಿನ ಅದು ಬಿಲ್ಲಾಗಿಯೇ ಬರುತ್ತದೆ.

ಲೆಕ್ಕಪತ್ರ ಕಲಿಯುವ ನಮಗೆ ಇದು ಹೊಸದಲ್ಲ. ಖಾತೆ ಮುಗಿದಾಗ ಒಟ್ಟಿನ ಕೆಳಗೆ ಜೋಡಿಗೆರೆ ಎಳೆಯುತ್ತೇವೆ. ಆ ಗೆರೆ ಅಂಕಿಯಲ್ಲ. ಅದನ್ನು ಯಾರೂ ಕೂಡಿಸಲು ಹೋಗುವುದಿಲ್ಲ. ಕೊನೆಯ ಗುರುತು ಅಂಕಿಗಳ ಹೊರಗೆ ಇರಬೇಕು.

ಸಿ ಭಾಷೆಯಲ್ಲಿ ಆ ಜೋಡಿಗೆರೆಯ ಹೆಸರು ಇಒಎಫ್, ಅಂದರೆ ‘ಫೈಲಿನ ಕೊನೆ’. ಇದು ಮೂರನೆಯ ದಾರಿ.

4. ಜೋಡಿಗೆರೆ ಎಳೆಯುವ ಕೀಲಿ

ಇಒಎಫ್ ಅಕ್ಷರವಲ್ಲ, ಕೀಬೋರ್ಡಿನಲ್ಲಿ ಅಂಥ ಗುಂಡಿಯೂ ಇಲ್ಲ. ಓದುವ ಫಂಕ್ಷನ್ ಬರಿಗೈಯಲ್ಲಿ ವಾಪಸ್ ಬಂದಾಗ ಹೇಳುವ ಉತ್ತರ ಅದು. ಅದು ಋಣ ಸಂಖ್ಯೆಯಾಗಿರಬೇಕೆಂದು ಸಿ ಭಾಷೆಯ ನಿಯಮ; ಸಾಮಾನ್ಯವಾಗಿ -1 ಇರುತ್ತದೆ. ಮಾವ ಟೈಪ್ ಮಾಡಿದ -1ಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಬಿಲ್ಲಿನ ಮೇಲಿನ ಅಂಕಿ, ಇದು ಫಂಕ್ಷನ್ನಿನ ಉತ್ತರ.

ಕೀಬೋರ್ಡಿನಿಂದ ಈ ಉತ್ತರ ಹೊರಡಿಸುವುದು ಹೇಗೆ? ಯುನಿಕ್ಸ್, ಲಿನಕ್ಸ್, ಮ್ಯಾಕ್‌ಗಳಲ್ಲಿ ಹೊಸ ಸಾಲಿನ ಆರಂಭದಲ್ಲಿ ಕಂಟ್ರೋಲ್ ಹಿಡಿದು ಡಿ ಒತ್ತಬೇಕು. ವಿಂಡೋಸ್‌ನಲ್ಲಿ ಹೊಸ ಸಾಲಿನ ಆರಂಭದಲ್ಲಿ ಕಂಟ್ರೋಲ್-ಝಡ್ ಒತ್ತಿ ಎಂಟರ್ ಒತ್ತಬೇಕು.

ಎರಡು ಬೇರೆ ಬೇರೆ ಏಕೆ? ಆಸ್ಕಿ ಎಂಬ ಅಕ್ಷರ ಸಂಹಿತೆಯಲ್ಲಿ (1963) ಕಂಟ್ರೋಲ್ ಜೊತೆ ಒತ್ತಿದ ಅಕ್ಷರ ವರ್ಣಮಾಲೆಯಲ್ಲಿ ಎಷ್ಟನೆಯದೋ ಅಷ್ಟು ಸಂಖ್ಯೆ ಹುಟ್ಟುತ್ತದೆ. ಡಿ ನಾಲ್ಕನೆಯದು, 4 ಎಂದರೆ ಆಸ್ಕಿಯಲ್ಲಿ ‘ರವಾನೆ ಮುಗಿಯಿತು’. ಟೆಲಿಪ್ರಿಂಟರಿನ ಕಾಲದ ಸಂಕೇತ ಅದು; ಯುನಿಕ್ಸ್ ಹುಟ್ಟಿದ್ದೂ ಅಂಥ ಯಂತ್ರಗಳ ಎದುರಿಗೇ. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು, ಆದರೆ ಆ ಕಾಲದ ನಾಲ್ಕು ಎಂಬ ಸಂಕೇತ ನಮ್ಮ ಲ್ಯಾಪ್‌ಟಾಪಿನಲ್ಲಿ ಇನ್ನೂ ಜೀವಂತ. ಝಡ್ ಇಪ್ಪತ್ತಾರನೆಯದು. ಗ್ಯಾರಿ ಕಿಲ್ಡಾಲ್ 1974ರಲ್ಲಿ ಮಾಡಿದ ಸಿಪಿ/ಎಮ್ ಎಂಬ ವ್ಯವಸ್ಥೆಯಲ್ಲಿ ಫೈಲಿನ ಉದ್ದವನ್ನು 128 ಬೈಟುಗಳ ತುಂಡುಗಳಲ್ಲಿ ಮಾತ್ರ ಲೆಕ್ಕ ಇಡುತ್ತಿದ್ದರು. ಬರಹ ತುಂಡಿನ ಮಧ್ಯದಲ್ಲಿ ಮುಗಿದರೆ ತಿಳಿಯಲೆಂದು ಅಲ್ಲಿ 26ನ್ನು ಬರೆದಿಡುವುದು ರೂಢಿ. 1981ರ ಎಂಎಸ್-ಡಾಸ್ ಆ ಪದ್ಧತಿಯನ್ನು ಎತ್ತಿಕೊಂಡಿತು, ಅಲ್ಲಿಂದ ವಿಂಡೋಸ್‌ಗೆ ಬಂತು.

ಕಂಟ್ರೋಲ್-ಡಿ ಒತ್ತಿದಾಗ ನಿಜವಾಗಿ ಆಗುವುದೇನು? ನಾವು ಟೈಪ್ ಮಾಡಿದ ಸಾಲು ಎಂಟರ್ ಒತ್ತುವವರೆಗೆ ಟರ್ಮಿನಲ್ಲಿನ ಕೈಯಲ್ಲಿ ಕಾದಿರುತ್ತದೆ. ಕಂಟ್ರೋಲ್-ಡಿ ಎಂದರೆ “ಕೈಯಲ್ಲಿ ಇರುವಷ್ಟನ್ನು ಈಗಲೇ ಪ್ರೋಗ್ರಾಮಿಗೆ ಕೊಟ್ಟುಬಿಡು” ಎಂಬ ಅಪ್ಪಣೆ. ಸಾಲಿನ ಆರಂಭದಲ್ಲಿ ಒತ್ತಿದರೆ ಕೈಯಲ್ಲಿ ಏನೂ ಇಲ್ಲ. ಸೊನ್ನೆ ಅಕ್ಷರ ಹೋಗುತ್ತದೆ. ಪ್ರೋಗ್ರಾಮ್ ಅದನ್ನೇ ಕೊನೆ ಎಂದು ತಿಳಿಯುತ್ತದೆ. 85 ಎಂದು ಟೈಪ್ ಮಾಡಿ ಎಂಟರ್ ಒತ್ತದೆ ಕಂಟ್ರೋಲ್-ಡಿ ಒತ್ತಿದರೆ 85 ಮಾತ್ರ ಹೋಗುತ್ತದೆ, ಕೊನೆ ಆಗುವುದಿಲ್ಲ, ಇನ್ನೊಮ್ಮೆ ಒತ್ತಬೇಕು. ಒಮ್ಮೊಮ್ಮೆ ಎರಡು ಸಲ ಒತ್ತಬೇಕಾಗುವುದರ ಗುಟ್ಟು ಇದು. 4 ಎಂಬ ಸಂಖ್ಯೆ ಪ್ರೋಗ್ರಾಮಿನ ಒಳಗೆ ಬರುವುದೇ ಇಲ್ಲ.

ಇಲ್ಲೊಂದು ಹೊಂಡ ಉಂಟು, ನಾನೇ ಬಿದ್ದೆ. ಕಾಲೇಜಿನ ಲ್ಯಾಬಿನಲ್ಲಿ ವಿಂಡೋಸ್. ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಲ್ಯಾಬಿನ ರೂಢಿಯಂತೆ ಮಾವನಿಗೆ ಕಂಟ್ರೋಲ್-ಝಡ್ ಹೇಳಿಕೊಟ್ಟುಬಿಟ್ಟೆ. ಲಿನಕ್ಸ್‌ನಲ್ಲಿ ಅದು ಪ್ರೋಗ್ರಾಮನ್ನು ಅರ್ಧದಲ್ಲೇ ಮಲಗಿಸುವ ಕೀಲಿ. ಮಾವ ಫೋನ್ ಮಾಡಿ, “ಸ್ಟಾಪ್ಡ್ ಅಂತ ಬರೆದಿದೆ, ಮೊತ್ತ ಎಂತ ಬರ್ಲಿಲ್ಲ” ಎಂದರು. ಎಫ್‌ಜಿ ಎಂದು ಟೈಪ್ ಮಾಡಿ ಎಂಟರ್ ಒತ್ತಿಸಿದೆ. ಮಲಗಿದ್ದ ಪ್ರೋಗ್ರಾಮ್ ಎದ್ದಿತು. ಕಂಟ್ರೋಲ್-ಸಿ ಇನ್ನೂ ಕೆಟ್ಟದ್ದು: ಅದು ಸಾಮಾನ್ಯವಾಗಿ ಪ್ರೋಗ್ರಾಮನ್ನೇ ಕೊಲ್ಲುತ್ತದೆ, ಮೊತ್ತವೂ ಅದರ ಜೊತೆಗೆ ಹೋಗುತ್ತದೆ. ಯಾವ ಕೀಲಿ ಒತ್ತಬೇಕೆಂದು ಪ್ರೋಗ್ರಾಮೇ ಮೊದಲ ಸಾಲಿನಲ್ಲಿ ಬರೆದು ತೋರಿಸುವುದು ಒಳ್ಳೆಯದು.

5. 545 ರೂಪಾಯಿಯ ತಪ್ಪು

ಈಗ ಆ ಮೂರು ರಾತ್ರಿಯ ಪ್ರೋಗ್ರಾಮಿಗೆ ಬರೋಣ. ಸಿ ಭಾಷೆಯಲ್ಲಿ ಎಫ್‌ಇಒಎಫ್ ಎಂಬ ಫಂಕ್ಷನ್ ಇದೆ. ಫೈಲ್ ಮುಗಿದಿದೆಯೇ ಎಂದು ಕೇಳಿದರೆ ಉತ್ತರ ಕೊಡುತ್ತದೆ. ನಾನು ಬರೆದದ್ದು:

ವೈಲ್ (!ಎಫ್‌ಇಒಎಫ್(ಎಸ್‌ಟಿಡಿಇನ್)) {
    ಸ್ಕ್ಯಾನ್‌ಎಫ್("%ಡಿ", &ಬಿಲ್);
    ಒಟ್ಟು = ಒಟ್ಟು + ಬಿಲ್;
}

‘ಮುಗಿಯದೆ ಇರುವವರೆಗೆ ಓದು, ಕೂಡಿಸು.’ ಓದಲು ಎಷ್ಟು ಚೆನ್ನ! ಯಾರು ತಪ್ಪೆಂದಾರು?

ತಪ್ಪು ಇಲ್ಲಿದೆ. ಎಫ್‌ಇಒಎಫ್‌ಗೆ ಮುಂದೆ ಏನಿದೆ ಎಂದು ಇಣುಕಿ ನೋಡುವ ಶಕ್ತಿ ಇಲ್ಲ. ಒಮ್ಮೆ ಓದಲು ಹೋಗಿ, ಕೊನೆ ತಾಗಿ, ಬರಿಗೈಯಲ್ಲಿ ಬಂದ ಮೇಲೆ ಮಾತ್ರ ಅದು ‘ಹೌದು’ ಎನ್ನುತ್ತದೆ. ಮೂರು ಬಿಲ್ಲು ಇಟ್ಟುಕೊಂಡು ನೋಡೋಣ: 120, 85, 310.

ಒಂದನೆಯ ಸುತ್ತು: ಮುಗಿಯಿತೇ? ಇಲ್ಲ. 120 ಓದು. ಒಟ್ಟು 120.
ಎರಡನೆಯ ಸುತ್ತು: ಮುಗಿಯಿತೇ? ಇಲ್ಲ. 85 ಓದು. ಒಟ್ಟು 205.
ಮೂರನೆಯ ಸುತ್ತು: ಮುಗಿಯಿತೇ? ಇಲ್ಲ. 310 ಓದು. ಒಟ್ಟು 515.
ನಾಲ್ಕನೆಯ ಸುತ್ತು: ಮುಗಿಯಿತೇ? ಇಲ್ಲ (ಇನ್ನೂ ಯಾರೂ ಕೊನೆಯನ್ನು ತಾಗಿಲ್ಲವಲ್ಲ!). ಓದಲು ಹೋಗು. ಮಾವ ಕಂಟ್ರೋಲ್-ಡಿ ಒತ್ತುತ್ತಾರೆ. ಸ್ಕ್ಯಾನ್‌ಎಫ್ ಬರಿಗೈಯಲ್ಲಿ ವಾಪಸ್. ಆದರೆ ಬಿಲ್ ಎಂಬ ಡಬ್ಬಿಯಲ್ಲಿ ಹಳೆಯ 310 ಹಾಗೆಯೇ ಕುಳಿತಿದೆ. ಅದನ್ನೇ ಮತ್ತೆ ಕೂಡಿಸು. ಒಟ್ಟು 825.
ಐದನೆಯ ಸುತ್ತು: ಮುಗಿಯಿತೇ? ಹೌದು.

ಒಬ್ಬ ಬಿಲ್ಲು ಓದಿ ಹೇಳುತ್ತಾನೆ, ಇನ್ನೊಬ್ಬ ಬರೆಯುತ್ತಾನೆ ಎಂದಿಟ್ಟುಕೊಳ್ಳಿ. ಓದುವವನು “ಇನ್ನು ಇಲ್ಲ” ಎಂದ. ಬರೆಯುವವನು ಕಿವಿಗೊಡದೆ ಹಿಂದಿನ ಅಂಕಿಯನ್ನೇ ಮತ್ತೊಮ್ಮೆ ಬರೆದ. ನಾನು ಬರೆದ ಪ್ರೋಗ್ರಾಮ್ ಆ ಎರಡನೆಯವನು.

ಇದನ್ನು ನಾನು ಪತ್ತೆ ಹಚ್ಚಿದ್ದು ಕಂಪ್ಯೂಟರ್ ಪುಸ್ತಕದಿಂದಲ್ಲ, ನಮ್ಮ ಲೆಕ್ಕಪತ್ರದ ಪಾಠದಿಂದ. ತಾಳೆಪಟ್ಟಿ ಹೊಂದದಿದ್ದರೆ ಏನು ಮಾಡಬೇಕೆಂದು ಕಲಿತಿದ್ದೇವೆ: ವ್ಯತ್ಯಾಸದ ಮೊತ್ತವನ್ನೇ ಹಿಡಿದು ಪುಸ್ತಕದಲ್ಲಿ ಹುಡುಕು, ಅಷ್ಟೇ ಮೊತ್ತದ ದಾಖಲೆ ಬಿಟ್ಟುಹೋಗಿರಬಹುದು ಅಥವಾ ಎರಡು ಸಲ ಬಿದ್ದಿರಬಹುದು, ವ್ಯತ್ಯಾಸದ ಅರ್ಧವನ್ನು ಹುಡುಕು, ತಪ್ಪು ಬದಿಗೆ ಬಿದ್ದಿರಬಹುದು, ಒಂಬತ್ತರಿಂದ ಭಾಗವಾದರೆ ಅಂಕಿಗಳು ಅದಲು ಬದಲಾಗಿರಬಹುದು. ಮೂರು ರಾತ್ರಿಯ ಬಿಲ್ಲಿನ ಕಟ್ಟುಗಳನ್ನು ತರಿಸಿ ನೆಲದ ಮೇಲೆ ಹರಡಿದೆ. 310ರ ಬಿಲ್ಲು ಹುಡುಕಿದೆ: ಮೊದಲ ಕಟ್ಟಿನ ಕೊನೆಯ ಬಿಲ್ಲು. 95: ಎರಡನೆಯ ಕಟ್ಟಿನ ಕೊನೆಯದು. ಮೂರನೆಯ ಕಟ್ಟನ್ನು ಬಿಚ್ಚುವ ಮೊದಲೇ ನನಗೆ ಬೆವರು ಬಂದಿತ್ತು. ಕೊನೆಯ ಬಿಲ್ಲು 140.

ಸರಿಯಾದ ರೀತಿ ಎಷ್ಟು ಸಣ್ಣದು ನೋಡಿ. ಸ್ಕ್ಯಾನ್‌ಎಫ್ ಸುಮ್ಮನೆ ಓದುವುದಿಲ್ಲ. ಎಷ್ಟು ಅಂಕಿ ನಿಜವಾಗಿ ಸಿಕ್ಕಿತೆಂದು ಉತ್ತರವನ್ನೂ ಕೊಡುತ್ತದೆ. ಒಂದು ಸಿಕ್ಕರೆ 1. ಅಂಕಿಯ ಬದಲು ಬೇರೇನೋ ಕಂಡರೆ 0. ಏನೂ ಸಿಗದೆ ಕೊನೆ ತಾಗಿದರೆ ಇಒಎಫ್. ನಾವು ಆ ಉತ್ತರ ಕೇಳದೆ ಬಿಡುತ್ತೇವೆ, ಅಷ್ಟೇ.

ವೈಲ್ (ಸ್ಕ್ಯಾನ್‌ಎಫ್("%ಡಿ", &ಬಿಲ್) == 1)
    ಒಟ್ಟು = ಒಟ್ಟು + ಬಿಲ್;

‘ಒಂದು ಅಂಕಿ ಕೈಗೆ ಸಿಗುತ್ತಿರುವವರೆಗೆ ಕೂಡಿಸು.’ ಮೊದಲು ಓದು, ಸಿಕ್ಕಿತೇ ನೋಡು, ಆಮೇಲೆ ಬಳಸು. ಹಾಗಾದರೆ ಎಫ್‌ಇಒಎಫ್ ಯಾತಕ್ಕೆ? ಲೂಪಿನ ಹೊರಗೆ ಬಂದ ಮೇಲೆ ಕಾರಣ ಕೇಳಲು. ‘ಹೌದು’ ಎಂದರೆ ಬಿಲ್ಲು ನಿಜವಾಗಿ ಮುಗಿದಿವೆ. ‘ಇಲ್ಲ’ ಎಂದರೆ ಹೆಚ್ಚಾಗಿ ಎಲ್ಲೋ ತಪ್ಪು ಗುಂಡಿ ಬಿದ್ದಿದೆ, ಮೊತ್ತ ನಂಬಬೇಡಿ.

ಇಲ್ಲಿ == 1 ಬದಲು != ಇಒಎಫ್ ಎಂದು ಬರೆಯುವವರೂ ಇದ್ದಾರೆ. ಮಾವ ತಪ್ಪಿ ಒಂದು ಅಕ್ಷರ ಒತ್ತಿದರೆ ಸ್ಕ್ಯಾನ್‌ಎಫ್ 0 ಎನ್ನುತ್ತದೆ, ಆ ಅಕ್ಷರವನ್ನು ಮುಟ್ಟದೆ ಅಲ್ಲಿಯೇ ಬಿಡುತ್ತದೆ. 0 ಎಂಬುದು ಇಒಎಫ್ ಅಲ್ಲವಲ್ಲ. ಲೂಪ್ ಮತ್ತೆ ಅದೇ ಅಕ್ಷರಕ್ಕೆ ಬರುತ್ತದೆ, ಮತ್ತೆ 0. ಹಳೆಯ ಬಿಲ್ಲನ್ನೇ ಕೂಡಿಸುತ್ತಾ ತಿರುಗುತ್ತಲೇ ಇರುತ್ತದೆ.

6. ಒಂದೊಂದೇ ಅಕ್ಷರ ಓದುವಾಗ

ಅಂಕಿಯ ಬದಲು ಬರಹವನ್ನು ಅಕ್ಷರ ಅಕ್ಷರವಾಗಿ ಓದಲು ಗೆಟ್‌ಚಾರ್ ಇದೆ. ಕರ್ನಿಘನ್ ಮತ್ತು ರಿಚ್ಚಿ 1978ರಲ್ಲಿ ಬರೆದ ಸಿ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದರ ಪಾಠ ಬರುತ್ತದೆ:

ಇಂಟ್ ಅ;
ವೈಲ್ ((ಅ = ಗೆಟ್‌ಚಾರ್()) != ಇಒಎಫ್)
    ಪುಟ್‌ಚಾರ್(ಅ);

ಅಕ್ಷರ ಓದುವುದಕ್ಕೆ ಚಾರ್ ಬಿಟ್ಟು ಇಂಟ್ ಏಕೆ? ಒಂದು ಬೈಟಿನಲ್ಲಿ 0ಯಿಂದ 255ರವರೆಗೆ 256 ಬೆಲೆಗಳು. ಅಷ್ಟೂ ಅಕ್ಷರಗಳಿಗೇ ಮೀಸಲು. ಕೊನೆಯ ಗುರುತಿಗೆ 257ನೆಯ ಬೆಲೆ ಬೇಕು. ಅದು ಬೈಟಿನಲ್ಲಿ ಹಿಡಿಯುವುದಿಲ್ಲ. ಮತ್ತೆ ಅದೇ ಮಾತು, ಜೋಡಿಗೆರೆಗೆ ಅಂಕಿಗಳ ಹೊರಗೆ ಜಾಗ ಬೇಕು. ಚಾರ್ ಎಂದು ಬರೆದರೆ ನಮ್ಮ ಸಾಮಾನ್ಯ ಪಿಸಿಗಳಲ್ಲಿ 255 ಎಂಬ ಬೈಟು -1 ಆಗಿ ಕಾಣುತ್ತದೆ, ಪ್ರೋಗ್ರಾಮ್ ಅರ್ಧದಲ್ಲೇ ಮುಗಿಯಿತೆನ್ನುತ್ತದೆ. ಜೆಪೆಗ್ ಫೋಟೋದ ಮೊದಲ ಬೈಟೇ 255. ಅಂಥ ಫೈಲನ್ನು ಕೊಟ್ಟರೆ ಮೊದಲ ಹೆಜ್ಜೆಯಲ್ಲೇ ಮಂಗಳ. ಎಆರ್‌ಎಂ ಚಿಪ್ಪಿನ ಲಿನಕ್ಸ್ ಯಂತ್ರಗಳಲ್ಲಿ ಚಾರ್‌ಗೆ ಋಣ ಬೆಲೆಯೇ ಇಲ್ಲ. ಅಲ್ಲಿ ಲೂಪ್ ಮುಗಿಯುವುದೇ ಇಲ್ಲ.

ಕನ್ನಡ ಬರೆಯುವವರು ಇನ್ನೊಂದು ತಿಳಿದಿರಬೇಕು. ಯುಟಿಎಫ್-8 ಪದ್ಧತಿಯಲ್ಲಿ ಒಂದು ‘ಕ’ ಎಂದರೆ ಮೂರು ಬೈಟು: 224, 178, 149. ‘ಕ’ ಒಂದಕ್ಕೆ ಗೆಟ್‌ಚಾರ್ ಮೂರು ಸಲ ಉತ್ತರ ಕೊಡುತ್ತದೆ. ಗಾಬರಿಯಾಗಬೇಡಿ. ಯುಟಿಎಫ್-8 ಬರಹದಲ್ಲಿ 255 ಬರುವುದೇ ಇಲ್ಲವಾದ್ದರಿಂದ ಕೊನೆಯ ಗುರುತಿನೊಡನೆ ಕನ್ನಡ ಎಂದೂ ಗೊಂದಲವಾಗದು.

7. ಈಗ ಗಲ್ಲೆಯಲ್ಲಿರುವ ಪ್ರೋಗ್ರಾಮ್

ಮಾವ 85ರ ಬದಲು 8 ಹಾಕಿ ಪಕ್ಕದಲ್ಲಿ ಒಂದು ಅಕ್ಷರ ಒತ್ತಿದರೆ ಸ್ಕ್ಯಾನ್‌ಎಫ್ 8ನ್ನು ಬಿಲ್ಲೆಂದು ಕೂಡಿಸಿಯೇಬಿಡುತ್ತದೆ. ಆದ್ದರಿಂದ ಈಗ ಎಫ್‌ಗೆಟ್ಸ್‌ನಿಂದ ಇಡೀ ಸಾಲನ್ನು ತೆಗೆದುಕೊಂಡು, ಪರೀಕ್ಷೆ ಮಾಡಿ, ಆಮೇಲೆ ಕೂಡಿಸುತ್ತೇನೆ. ಎಫ್‌ಗೆಟ್ಸ್ ಕೊನೆ ತಾಗಿದಾಗ ನಲ್ ಎನ್ನುತ್ತದೆ.

ವೈಲ್ (ಎಫ್‌ಗೆಟ್ಸ್(ಸಾಲು, 100, ಎಸ್‌ಟಿಡಿಇನ್) != ನಲ್) {
    ಇಫ್ (ಎಸ್‌ಸ್ಕ್ಯಾನ್‌ಎಫ್(ಸಾಲು, "%ಡಿ %ಸಿ", &ಬಿಲ್, &ಕಸ) == 1) {
        ಒಟ್ಟು = ಒಟ್ಟು + ಬಿಲ್;
        ಎಣಿಕೆ = ಎಣಿಕೆ + 1;
    } ಎಲ್ಸ್
        ಪ್ರಿಂಟ್‌ಎಫ್("ಇದು ಸರಿಯಿಲ್ಲ, ಮತ್ತೆ ಹಾಕಿ\ಎನ್");
}

ಸಾಲು ಎಂಬುದು ನೂರು ಚಾರ್‌ಗಳ ಅರೇ, ಕಸ ಎಂಬುದು ಒಂದು ಚಾರ್. ಅಂಕಿಯ ಹಿಂದೆ ಏನಾದರೂ ಅಂಟಿಕೊಂಡಿದ್ದರೆ ಅದು ಕಸಕ್ಕೆ ಹೋಗಿ ಉತ್ತರ 2 ಆಗುತ್ತದೆ, ಬಿಲ್ಲು ಸೇರುವುದಿಲ್ಲ. ರದ್ದಾದ ಬಿಲ್ಲಿನ 0 ಸೇರುತ್ತದೆ, ವಾಪಸಿನ -120 ಸೇರುತ್ತದೆ, -1 ಹಾಕಿದರೂ ಪ್ರೋಗ್ರಾಮ್ ಮುಗಿಯುವುದಿಲ್ಲ. ಜೋಡಿಗೆರೆ ಎಳೆಯುವುದು ಕಂಟ್ರೋಲ್-ಡಿ ಮಾತ್ರ.

ಇನ್ನೊಂದು ಸಣ್ಣ ತೊಡಕು. ಬಿಲ್ಲು ಮುಗಿದ ಮೇಲೆ “ಗಲ್ಲೆಯಲ್ಲಿ ನಗದು ಎಷ್ಟು?” ಎಂದು ಪ್ರೋಗ್ರಾಮ್ ಕೇಳಬೇಕಿತ್ತು. ಕೇಳಿತು, ಆದರೆ ಉತ್ತರಕ್ಕೆ ಕಾಯದೆ ಮುಂದೆ ಹೋಯಿತು. ಒಮ್ಮೆ ಕೊನೆ ತಾಗಿದರೆ ಆ ಗುರುತು ಎಸ್‌ಟಿಡಿಇನ್ ಮೇಲೆ ಉಳಿದುಬಿಡುತ್ತದೆ. ಲಿನಕ್ಸ್‌ನ ಗ್ಲಿಬ್‌ಸಿ ಲೈಬ್ರರಿಯಲ್ಲಿ 2018ರ 2.28 ಆವೃತ್ತಿಯಿಂದ ಇದು ಕಟ್ಟುನಿಟ್ಟು. ಪ್ರಶ್ನೆಗೆ ಮೊದಲು ಕ್ಲಿಯರ್‌ಎರ್(ಎಸ್‌ಟಿಡಿಇನ್) ಎಂದು ಒಂದು ಸಾಲು ಬರೆದರೆ ಗುರುತು ಅಳಿಯುತ್ತದೆ, ಕೀಬೋರ್ಡು ಮತ್ತೆ ಬಾಯಿ ತೆರೆಯುತ್ತದೆ.

8. ಉಪಸಂಹಾರ

ಮೂರು ಬಿಲ್ಲು ಕೈಯಲ್ಲಿ ಹಿಡಿದು ಮರುದಿನ ಸೇಟಿನ ಹತ್ತಿರ ನಾನೇ ಹೋದೆ. ಕೊನೆಯ ಬಿಲ್ಲು ಎರಡು ಸಲ ಸೇರಿದ್ದನ್ನು ಕಾಗದದ ಮೇಲೆ ಕೂಡಿಸಿ ತೋರಿಸಿದೆ. ತಪ್ಪು ನನ್ನದು, ಮಾವನದ್ದಲ್ಲ ಎಂದೆ. ಅವರು ಮೂರೂ ಕಟ್ಟು ತರಿಸಿ ತಾವೇ ಇನ್ನೊಮ್ಮೆ ಕೂಡಿದರು. ಆಮೇಲೆ 545 ರೂಪಾಯಿ ಎಣಿಸಿ ಮಾವನ ಮುಂದೆ ಇಟ್ಟರು. ಕಣ್ಣಿನ ವಿಷಯ ಮತ್ತೆ ಎತ್ತಲಿಲ್ಲ.

ಮಾವ ಈಗಲೂ ನನ್ನ ಪ್ರೋಗ್ರಾಮನ್ನೇ ಬಳಸುತ್ತಾರೆ. ಆದರೆ ವಾರಕ್ಕೊಮ್ಮೆ, ಶನಿವಾರ ರಾತ್ರಿ, ಹಳೆಯ ಕ್ಯಾಲ್ಕ್ಯುಲೇಟರಿನಲ್ಲಿ ಒಂದು ಸಲ ಕೂಡಿ ನೋಡುತ್ತಾರೆ. “ಬೇಜಾರು ಮಾಡ್ಕೋಬೇಡ ಮಗಾ” ಎಂದರು. ನನಗೆ ಬೇಜಾರಿಲ್ಲ. ಮೆಷಿನ್ನಿನ ಮೊತ್ತಕ್ಕೂ ಗಲ್ಲೆಯ ದುಡ್ಡಿಗೂ ತಾಳೆಯಾಗದಿದ್ದಾಗ ಮೊದಲು ಮನುಷ್ಯನ ಮೇಲೆ ಸಂಶಯಪಡುವ ಅಭ್ಯಾಸ ನಮಗೆಲ್ಲ ಬಂದುಬಿಟ್ಟಿದೆ. ಮಾವನಿಗೇ ತನ್ನ ಮೇಲೆ ಸಂಶಯ ಬಂದಿತ್ತಲ್ಲ. ಪ್ರೋಗ್ರಾಮ್ ಬರೆಯುವ ನಾವು ಅದನ್ನು ಮರೆಯಬಾರದು.

ಕಲಿಯುವ ಮಿತ್ರರಿಗೆ ಎರಡು ಅಭ್ಯಾಸ ಕೊಟ್ಟು ಮುಗಿಸುತ್ತೇನೆ:

(ಅ) ಐದನೆಯ ಭಾಗದ ತಪ್ಪು ಪ್ರೋಗ್ರಾಮನ್ನು ಟೈಪ್ ಮಾಡಿ, ಒಟ್ಟು ಮತ್ತು ಬಿಲ್ ಎರಡಕ್ಕೂ ಮೊದಲು 0 ಕೊಟ್ಟು, ಒಂದೂ ಬಿಲ್ಲು ಹಾಕದೆ ಕಂಟ್ರೋಲ್-ಡಿ ಒತ್ತಿ. ಒಟ್ಟು ಎಷ್ಟು ಬಂತು? ಸರಿಯಾಗಿಯೇ ಬಂದರೆ ಅದು ಪ್ರೋಗ್ರಾಮಿನ ಗುಣವೋ, ಆ ಸೊನ್ನೆಯ ಗುಣವೋ?

(ಆ) ಏಳನೆಯ ಭಾಗದ ಪ್ರೋಗ್ರಾಮಿಗೆ ಎಂಟರ್ ಮಾತ್ರ ಒತ್ತಿದರೆ “ಇದು ಸರಿಯಿಲ್ಲ” ಎನ್ನುತ್ತದೆ. ಖಾಲಿ ಸಾಲನ್ನು ಸದ್ದಿಲ್ಲದೆ ದಾಟುವಂತೆ ತಿದ್ದಿ.

ಉತ್ತರ ಬರೆದವರು ಸಂಘದ ಸಭೆಯ ದಿನ ನನಗೆ ತೋರಿಸಿ. ತಪ್ಪಿದ್ದರೆ ಇಬ್ಬರೂ ಕೂತು ತಿದ್ದೋಣ.